ಹಿಂದಿನ ಸೀಟಿನ ಸವಾರಿ

ಆಸ್ಪತ್ರೆಯ ಟೆಲಿಫೋನ್ ಆಪರೇಟರಿಗೆ ಮೂವತ್ತು ದಾಟಿದ ಮೇಲೆ ಕಣ್ಣು ಮಂಜಾಗತೊಡಗಿತು. ನಲವತ್ತರ ಹೊತ್ತಿಗೆ ಪೂರ್ತಿ ಕತ್ತಲು. ಕೆಲಸಕ್ಕೇನೂ ಕುಂದಾಗಲಿಲ್ಲ. ಯಾವ ಗುಂಡಿ ಯಾವ ವಾರ್ಡಿಗೆ ಎಂಬುದು ಬೆರಳಿಗೇ ಗೊತ್ತಿತ್ತು. ಡಾಕ್ಟರುಗಳ ಮೂಡು ಅವರ ಮೊದಲ 'ಹಲೋ'ದಲ್ಲೇ ತಿಳಿಯುತ್ತಿತ್ತು. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಒಂದೇ ವಿಷಯಕ್ಕೆ. ನಿಂತಿದ್ದ ಹಾಲಿನ ವ್ಯಾನಿಗೆ ಅವಳು ಗುದ್ದಿದ ಮರುದಿನವೇ ಗಂಡ ಅವಳ ಸೈಕಲ್ಲನ್ನು ಮಾರಿಬಿಟ್ಟಿದ್ದ.

ಹತ್ತು ವರ್ಷ ಕಳೆದ ಮೇಲೆ, ಮಕ್ಕಳಿಗೆ ಈಜು ಕಲಿಸುವ ನಾದಿನಿ ಎಲ್ಲಿಂದಲೋ ಜೋಡಿ ಸೀಟಿನ ಸೈಕಲ್ಲೊಂದನ್ನು ತಂದಳು. ಒಬ್ಬರ ಹಿಂದೆ ಒಬ್ಬರು ಕೂತು ಇಬ್ಬರೂ ತುಳಿಯುವಂಥದ್ದು.

"ಭಾನುವಾರ ನಮ್ಮ ಸೈಕಲ್ ಗುಂಪು ಹಳ್ಳಿ ದಾರೀಲಿ ಕೆರೆವರೆಗೂ ಹೋಗ್ತಿದೆ ಅತ್ತಿಗೆ. ಹೋಗಿ ಬರೋಕೆ ಇಡೀ ದಿನ ಬೇಕು. ಬರ್ತೀರಾ?"

ಗಂಡ ಪೇಪರಿನಿಂದ ತಲೆ ಎತ್ತಿದ. "ಈ ವಯಸ್ಸಲ್ಲಿ ಇದೆಲ್ಲ ಯಾಕೆ? ಮನೇಲಿ ಹಾಯಾಗಿ ರೇಡಿಯೋ ಕೇಳ್ಬಾರ್ದಾ?"

"ರೇಡಿಯೋ ಮುಖಕ್ಕೆ ಗಾಳಿ ಬೀಸಲ್ಲ," ಎಂದಳು ಅವಳು.

ಮಳೆ ತೊಳೆದು ಹೋದ ಶರತ್ಕಾಲದ ಆಕಾಶ, ಎಳೆಬಿಸಿಲು. ಹತ್ತಿಪ್ಪತ್ತು ಸೈಕಲ್ಲುಗಳು ಸಾಲಾಗಿ ಹೊರಟವು. ಎಂಥ ಗುಡ್ಡವೂ ತನಗೆ ಲೆಕ್ಕಕ್ಕಿಲ್ಲವೆಂದು ಬೇಕರಿ ಮಾಲೀಕರೊಬ್ಬರು ಹೊರಟಾಗಿನಿಂದಲೇ ಹೇಳಿಕೊಳ್ಳುತ್ತಿದ್ದರು. ಉದುರಿದ ಎಲೆಗಳು ಚಕ್ರದಡಿ ಚರಚರ ಎನ್ನುತ್ತಿದ್ದವು. ಕೊಯ್ದ ಹುಲ್ಲಿನ ವಾಸನೆ ಬಂದಾಗ ಹೊಲ ಬಂತೆಂದೂ, ತಂಪು ಕೆನ್ನೆಗೆ ತಾಕಿದಾಗ ಮರದ ನೆರಳೆಂದೂ ಅವಳಿಗೆ ತಿಳಿಯುತ್ತಿತ್ತು. ತಿರುವು, ಗುಂಡಿ ಬಂದಾಗ ಮಾತ್ರ ನಾದಿನಿ ಹೇಳುತ್ತಿದ್ದಳು. ಕೆರೆ ಮುಟ್ಟಿ, ದಡದಲ್ಲಿ ಬುತ್ತಿ ಬಿಚ್ಚಿ ಉಂಡರು.

ವಾಪಸು ಬರುವಾಗ ಗುಡ್ಡದ ಬುಡದಲ್ಲಿ ನಾದಿನಿಯ ಮಂಡಿ ಹಿಡಿದುಕೊಂಡಿತು. ಸೋತವರನ್ನು ಕರೆದೊಯ್ಯಲು ಹಿಂದೆಯೇ ಬರುತ್ತಿದ್ದ ವ್ಯಾನು ಪಕ್ಕಕ್ಕೆ ಬಂದು ನಿಂತಿತು.

"ಹತ್ತಿ ಅಮ್ಮ, ಸೈಕಲ್ಲು ಮೇಲೆ ಕಟ್ತೀನಿ," ಎಂದ ಡ್ರೈವರ್.

ಅವಳು ಕಾಲೂರಿ ನಿಂತು ನಾದಿನಿಯನ್ನು ಕೇಳಿದಳು: "ಏರು ಹೇಗಿದೆ?"

"ತುಂಬ ಕಡಿದು ಅತ್ತಿಗೆ. ನೋಡಿದ್ರೇ ಜೀವ ಝಲ್ಲನ್ನುತ್ತೆ."

"ಹಾಗಾದ್ರೆ ಒಳ್ಳೇದಾಯ್ತು, ನಂಗೆ ಕಾಣಲ್ವಲ್ಲ. ನೀನು ಕಾಲು ಸುಮ್ನೆ ಪೆಡಲ್ ಮೇಲಿಟ್ಟು ಹ್ಯಾಂಡಲ್ ನೋಡ್ಕೋ. ತುಳಿಯೋದು ನನ್ ಪಾಲು."

ತುಳಿದಳು. ತೊಡೆ ಕೆಂಡವಾಯಿತು, ಉಸಿರು ತಿದಿಯಂತೆ ಏರಿಳಿಯಿತು. ಸೈಕಲ್ಲು ಹಾವಿನಂತೆ ಓಲಾಡಿತು, ಆದರೆ ನಿಲ್ಲಲಿಲ್ಲ. ಅರ್ಧ ದಾರಿಯಲ್ಲಿ ನಾದಿನಿ ಪಿಸುಗುಟ್ಟಿದಳು: "ಬೆಳಿಗ್ಗೆಯಿಂದ ಜಂಬ ಕೊಚ್ಚಿಕೊಳ್ತಿದ್ರಲ್ಲ ಬೇಕರಿಯವರು, ಇಳಿದು ತಳ್ಕೊಂಡು ಹೋಗ್ತಿದಾರೆ."

"ಬೆಲ್ ಹೊಡಿ," ಎಂದಳು ಅವಳು, ಏದುಸಿರಿನ ನಡುವೆ.

ನೆತ್ತಿ ತಲುಪಿದಾಗ ಗಾಳಿ ನಾಲ್ಕೂ ಕಡೆಯಿಂದ ಬೀಸಿತು. ಅವಳು ಸೀಟಿನಿಂದ ಇಳಿಯದೆ ಆ ಗಾಳಿಗೆ ಮುಖವೊಡ್ಡಿ ಮನಸಾರೆ ನಕ್ಕಳು.

ಮಂಡಿ ಸರಿಹೋಗುವವರೆಗೂ ಸೈಕಲ್ ಹತ್ತಕೂಡದೆಂದು ಡಾಕ್ಟರು ನಾದಿನಿಗೆ ಹೇಳಿದರು. ಮುಂದಿನ ಸೀಟಿಗೆ ಬೇಕರಿಯವರೇ ಬರುತ್ತೇನೆಂದರು. ಸುದ್ದಿ ಕೇಳಿದ ಗಂಡ ಗಡ್ಡ ಕೆರೆದುಕೊಂಡ.

"ಹೊರಗಿನೋರು ಯಾಕೆ? ನಾನಿಲ್ವಾ?"

"ಬನ್ನಿ. ಆದ್ರೆ ಮಾತುಮಾತಿಗೆ ಬ್ರೇಕ್ ಹಿಡೀಬಾರ್ದು."