ಪುಟ ಹದಿನಾಲ್ಕರ ಮದುಮಗಳು

ಹನ್ನೆರಡು ವರ್ಷಗಳ ಹಿಂದೆ ನಾನು ನೈಟಿ ಹಾಕಿಕೊಂಡು ಮದುವೆಯಾಗಿದ್ದೆ ಎಂಬ ಸಂಗತಿ ನನಗೆ ಗೊತ್ತಾದದ್ದು ಮೊನ್ನೆ ಶುಕ್ರವಾರ ಮಧ್ಯಾಹ್ನ.

ಗಾಬರಿಯಾಗಬೇಡಿ. ಮೈಮೇಲೆ ಇಳಕಲ್ ಸೀರೆ ಇತ್ತು. ನೈಟಿಯಾಗಿದ್ದು ಜಂಪರ್, ಅಂದರೆ ರವಿಕೆ, ಮಾತ್ರ. (ಇಷ್ಟು ವರ್ಷ ಆಲ್ಬಮ್ ನೋಡಿದ ಒಬ್ಬರಿಗೂ ಅನುಮಾನ ಬಂದಿಲ್ಲ. ನಮ್ಮ ಮನೆಯವರಿಗಂತೂ ಆ ದಿನದ ಸೀರೆಯ ಬಣ್ಣವೇ ನೆನಪಿಲ್ಲ, ಇನ್ನು ಜಂಪರ್ ಎಲ್ಲಿಂದ?)

ಇದರ ಮೂಲ ಇರುವುದು ಕುಂದಗೋಳದ ಗಂಗವ್ವನ ಟೇಲರ್ ಅಂಗಡಿಯಲ್ಲಿ. ಗಂಗವ್ವನ ಅತ್ತೆ ಒಂದು ಕಾಲಕ್ಕೆ ಗೋವಾದ ಮಡಗಾಂವದ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಆ ಅಂಗಡಿ ಮುಚ್ಚಿದಾಗ ಮಾಲಕಿ ಅವಳಿಗೆ ಒಂದು ಮಷಿನ್ನನ್ನೂ ಏಳು ಹಳೆಯ ಫ್ಯಾಷನ್ ಪತ್ರಿಕೆಗಳನ್ನೂ ಕೊಟ್ಟು ಕಳಿಸಿದಳು. ಮಷಿನ್ ಎಂದೋ ಗುಜರಿಗೆ ಹೋಯಿತು. ಪತ್ರಿಕೆಗಳು ಇನ್ನೂ ಇವೆ.

ಹೆಂಗಸರ ಪತ್ರಿಕೆ, ಲಿಸ್ಬನ್ನಿನದು, ಪೋರ್ಚುಗೀಸ್ ಭಾಷೆಯದು. ಮುಖಪುಟಗಳು ಹರಿದು, ಹೆಸರೂ ಅವುಗಳ ಜೊತೆಗೇ ಹೋಗಿದೆ. ನಮ್ಮಲ್ಲಿ ಅದಕ್ಕೆ 'ಗೋವಾ ಬುಕ್' ಎಂದೇ ಹೆಸರು. ಒಂದಕ್ಷರ ಯಾರಿಗೂ ಬರುವುದಿಲ್ಲ. ಯಾಕೆ ಬರಬೇಕು? ಚಿತ್ರದ ಮೇಲೆ ಬೆರಳಿಟ್ಟರೆ ಗಂಗವ್ವ ಹೊಲಿದುಕೊಡುತ್ತಾಳೆ.

ಅದರಲ್ಲೂ ಕೊನೆಯ ಸಂಚಿಕೆಯ ಪುಟ ಹದಿನಾಲ್ಕು! ಉಬ್ಬಿದ ತೋಳು, ಕೊರಳಿಗೆ ಲೇಸು, ಬೆನ್ನ ಮೇಲೆ ದೊಡ್ಡ ಗಂಟು. ಚಿತ್ರ ಸೊಂಟದವರೆಗೆ ಮಾತ್ರ ಇದೆ. ಆ ಹೆಂಗಸು ಕೈಯಲ್ಲಿ ದೀಪ ಹಿಡಿದು, ನಮಗೆ ಬೆನ್ನು ತೋರಿಸಿ, ಹೊರಳಿ ನೋಡುತ್ತಿದ್ದಾಳೆ. ದೀಪ ಹಿಡಿದವಳು ಎಲ್ಲಿಗೆ ಹೋಗುತ್ತಾಳೆ? ದೇವರ ಕೋಣೆಗೆ, ಇಲ್ಲವೇ ಆರತಿಗೆ. ಹೀಗೆಂದು ಗಂಗವ್ವನ ಅತ್ತೆ ಅದನ್ನು ಮಂಗಳಕಾರ್ಯದ ಡಿಸೈನ್ ಎಂದು ತೀರ್ಮಾನಿಸಿದಳು. ಅಂದಿನಿಂದ ನಮ್ಮ ಸೀಮೆಯ ಮದುಮಕ್ಕಳು "ಹದಿನಾಲ್ಕ ಹೊಲೀರಿ" ಎನ್ನುತ್ತಲೇ ಬಂದಿದ್ದಾರೆ. ನಾನೂ ಅಂದಿದ್ದೆ.

ಶುಕ್ರವಾರ ನಾನು ಸೀರೆಗೆ ಫಾಲ್ಸ್ ಹಚ್ಚಿಸಲು ಹೋದಾಗ ತಿರ್ಲಾಪುರದ ಸವಿತಾ ತನ್ನ ತಾಯಿಯೊಂದಿಗೆ ಬಂದು ಕೂತಿದ್ದಳು. ಅವಳದೇ ಮದುವೆ. ಮನೆಮಂದಿಗೆಲ್ಲ ಸೇರಿ ಹನ್ನೊಂದು ಜಂಪರ್. ಈ ಆರ್ಡರ್ ನಂಬಿ ಗಂಗವ್ವ ತಿಂಗಳಿಡೀ ಬೇರೆ ದೊಡ್ಡ ಕೆಲಸ ಹಿಡಿದಿರಲಿಲ್ಲ. ಆದರೆ ಹುಡುಗಿ ಪುಟ ತಿರುವುತ್ತ ಕೇಳಿಬಿಟ್ಟಳು:

"ಈ ಬುಕ್ ಇನ್ನೂ ನಡದೈತೇನ್ರಿ? ಹೊಸಾದ್ಯಾವುದೂ ಬಂದಿಲ್ಲಲ್ಲ?"

ಗಂಗವ್ವ ನನ್ನ ಕಡೆ ನೋಡಿದಳು. "ಅಕ್ಕಾರ, ನೀವು ಪೇಪರಿಗೆ ಬರಿಯೂರು. ಈ ಬುಕ್ಕಿನ ಇತಿಹಾಸ ಒಂದೀಟು ತಿಳಿಸಿ ಹೇಳ್ರಿ ಈಕಿಗೆ."

ನನಗೆಲ್ಲಿಯ ಪೋರ್ಚುಗೀಸು? ಆದರೆ 'ನನಗೆ ಗೊತ್ತಿಲ್ಲ' ಎಂದ ಅಂಕಣಕಾರರನ್ನು ನೀವು ಎಂದಾದರೂ ನೋಡಿದ್ದೀರಾ? ಫೋನಿನ ಅನುವಾದದ ಆ್ಯಪ್ ತೆರೆದು, ಕೊನೆಯ ಸಂಚಿಕೆಯ ಮೊದಲ ಪುಟದ ಮೇಲೆ ಕ್ಯಾಮೆರಾ ಹಿಡಿದೆ.

ಸಿಕ್ಕಿತು ಇತಿಹಾಸ. ಎಲ್ಲರಿಗೂ ಕೇಳುವಂತೆ ಓದಿ ಹೇಳಿದೆ. ಇಬ್ಬರು ಅಕ್ಕತಂಗಿಯರು ಒಂದು ಟೋಪಿ ಅಂಗಡಿಯ ಅಟ್ಟದಲ್ಲಿ ಈ ಪತ್ರಿಕೆ ಶುರುಮಾಡಿದರಂತೆ. ಮೊದಮೊದಲು ಪುಟದ ತುಂಬ ಬರೀ ಟೋಪಿ. (ಕೆಳಗಿನ ಅಂಗಡಿಯವನ ದಾಕ್ಷಿಣ್ಯಕ್ಕಿರಬೇಕು.) ಆಮೇಲೆ ಸಂಚಿಕೆಯೊಳಗೆ ಕಟಿಂಗಿನ ಕಾಗದ ಇಟ್ಟು ಕಳಿಸತೊಡಗಿದರು. ಅದನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿಸಿದರಾಯಿತು. ಪತ್ರಿಕೆ ಮನೆಮನೆ ಸೇರಿತು. ನಡುವೆ 'ಗಂಡನನ್ನು ಖುಷಿಯಾಗಿಡುವ ಸೂಪುಗಳು' ಎಂಬ ಪುಟ ಬಂತು. ಓದುಗರು ಬೈದು ಪತ್ರ ಬರೆದರು. ಸೂಪು ಹೋಯಿತು. ಕೊನೆಗೆ ರೆಡಿಮೇಡ್ ಬಂದು ಮನೆಯಲ್ಲಿ ಹೊಲಿಯುವವರೇ ಇಲ್ಲವಾಗಿ, ಅಕ್ಕತಂಗಿಯರು ಬಾಗಿಲು ಹಾಕಿದರು. ಕಟ್ಟಕಡೆಯ ಸಾಲು ಹೀಗಿತ್ತು: 'ನಮ್ಮ ಪತ್ರಿಕೆ ಇಟ್ಟುಕೊಂಡು ಇನ್ನೂ ಹೊಲಿಯುವ ಒಬ್ಬಳಾದರೂ ಎಲ್ಲಾದರೂ ಇದ್ದರೆ, ಅವಳಿಗೆ ನಮ್ಮ ನಮಸ್ಕಾರ.'

ನಾನು ಫೋನಿನಿಂದ ತಲೆ ಎತ್ತಿದೆ. ಆ ಒಬ್ಬಳು ನನ್ನೆದುರಿಗೇ ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದಳು.

ಅಲ್ಲಿಗೇ ಫೋನ್ ಒಳಗಿಡಬೇಕಿತ್ತು. ಇಡುವವಳೇ ನಾನು? ಪತ್ರಿಕೆ ಮುಚ್ಚಿದ್ದನ್ನು ಕೇಳಿ ಸವಿತಾಳ ಮುಖ ಸಣ್ಣದಾಗಿತ್ತು. ಡಿಸೈನಿನ ಬಗ್ಗೆ ನಾಲ್ಕು ಒಳ್ಳೆಯ ಮಾತಾದರೂ ಸಿಗಲಿ ಎಂದು ಪುಟ ಹದಿನಾಲ್ಕಕ್ಕೆ ಕ್ಯಾಮೆರಾ ಹಿಡಿದೆ. ನನ್ನ ಭುಜದ ಮೇಲಿಂದ ಬಗ್ಗಿದ ಸವಿತಾ ದೊಡ್ಡದಾಗಿ ಓದಿದಳು:

"ಸುಖನಿದ್ರೆಗೆ ರಾತ್ರಿಯುಡುಪು. ಧರಿಸಿ, ದೀಪ ಆರಿಸಿ, ಮಲಗಿ."

ಅವಳ ತಾಯಿ ಎದ್ದು ನಿಂತರು.

"ಏಳ ಸವಿತಾ, ಹುಬ್ಬಳ್ಳಿಗೆ ಹೋಗೂಣು. ನೈಟಿ ಹಾಕ್ಕೊಂಡು ತಲಿಮ್ಯಾಲ ಅಕ್ಕಿಕಾಳು ಹಾಕಿಸ್ಕೊಳ್ಳಾಕ ನಮಗೇನು ಹುಚ್ಚ ಹಿಡದೈತೇನು?"

ಗಂಗವ್ವನ ಮುಖ ನೋಡಲಾಗಲಿಲ್ಲ. ಹಾಳಾದ ಫೋನು! ಅದಕ್ಕಿಂತ ಹಾಳು ನನ್ನ ಜಾಣತನ. ಇವಳ ತಿಂಗಳ ಕೆಲಸಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂಬ ಸಂಕಟಕ್ಕೆ ಏನೋ ಒಂದು ಬಾಯಿಂದ ಬಿತ್ತು: "ನನ್ನ ಲಗ್ನಾನೂ ಇದರಾಗ ಆಗೇತ್ರಿ."

ಆ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡಿದ ಮೇಲೆ ಅವರ ನಿರ್ಧಾರ ಇನ್ನೂ ಗಟ್ಟಿಯಾದಂತೆ ಕಂಡಿತು.

ಆದರೆ ಸವಿತಾ ಏಳಲಿಲ್ಲ.

"ಯವ್ವಾ, ಅಕ್ಕನ ಲಗ್ನದಾಗೂ ಹದಿನಾಲ್ಕ ಇತ್ತಲ್ಲ? ಆಕಿ ಏನು ಮಂಟಪದಾಗ ಮಲ್ಕೊಂಡಿದ್ಲೇನು? ನಸಿಕಲೆ ಎಬ್ಬಸ್ತೀರಿ, ದಿನಾ ಪೂರ್ತಿ ನಿಂದರಸ್ತೀರಿ. ಜಂಪರಾದ್ರೂ ಆರಾಮ ಇರಲಿ. ನನಗ ಇದ ಬೇಕು."

ಹಿರಿಮಗಳ ಮಾತು ಬಂದದ್ದೇ ತಾಯಿ ನೀರು ಕೊಡಿ ಎಂದು ಕೇಳಿ, ಕೂತರು. ನಾನು ಉಸಿರು ಬಿಟ್ಟೆ.

ಗಂಗವ್ವ ಹುಡುಗಿಯ ಬೆನ್ನಿಗೆ ಟೇಪು ಹಿಡಿದಳು. ಅಳತೆ ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಇಷ್ಟ ಚಂದದ ಕೊರಳು ಮಾಡಿ, ಹಾಕ್ಕೊಂಡು ಮಲ್ಕೋರಿ ಅಂತ ಬರದ್ರ, ಅಕ್ಕಾರ, ಅಂಥಾ ಬುಕ್ ಬಂದ್ ಆಗದ ಇನ್ನೇನಾಗತೈತ್ರಿ?"