ನನ್ನ ಹೆಸರಿನಲ್ಲಿ ಇವರ ಕೆಮ್ಮು

ಮೊದಲು ಕಂಡದ್ದು ಅಂಗಿಯ ಕಾಲರು. ಅದೇ ಅಂಗಿ, ಅದೇ ಗುಂಡಿ. ಆದರೆ ಕುತ್ತಿಗೆಗೂ ಕಾಲರಿಗೂ ನಡುವೆ ನನ್ನ ಎರಡು ಬೆರಳು ಸಲೀಸಾಗಿ ಹೋಗುತ್ತಿದ್ದವು.

"ಅಂಗಿ ಬೆಳದದೋ, ನೀವು ಸೊರಗೀರೋ?" ನಗುತ್ತಲೇ ಕೇಳಿದೆ.

"ಬ್ಯಾಸಗಿ ನೋಡು. ಊಟ ಸೇರೂದಿಲ್ಲ," ಅಂದರು ಇವರು.

ಇವರು ಅಂದರೆ ನನ್ನ ಯಜಮಾನರು, ಉಟಗಿಯ ಡಾಕ್ಟರು. ಸುತ್ತಲಿನ ಹಳ್ಳಿಗಳಿಗೆಲ್ಲ ಆಗ ಇವರೊಬ್ಬರೇ. ಡಾಕ್ಟರಕಿಯ ಲೈಸೆನ್ಸ್ ಪರೀಕ್ಷೆಯನ್ನಷ್ಟೇ ಪಾಸು ಮಾಡಿ ಊರಿಗೆ ಬಂದವರು. ಎಂದಾದರೂ ಮುಂಬಯಿಗೆ ಹೋಗಿ ಎಂ.ಬಿ.ಬಿ.ಎಸ್. ಮುಗಿಸಬೇಕು ಎಂಬ ಮಾತನ್ನು ನಾನು ಮದುವೆಯಾದ ವರ್ಷದಿಂದಲೂ ಕೇಳುತ್ತ ಬಂದಿದ್ದೆ. ನಮ್ಮ ಮನೆಯ ಮುಂದಿನ ಕೋಣೆಯೇ ದವಾಖಾನೆ, ಪಡಸಾಲೆಯೇ ಪೇಷಂಟರು ಕೂಡುವ ಜಾಗ. ಕುರಿ ಕಾಯುವವರು, ಹೆರಿಗೆಯವರು, ಚೇಳು ಕಡಿಸಿಕೊಂಡವರು, ಸುಮ್ಮನೆ ಮಾತಾಡಲು ಬಂದವರು, ಎಲ್ಲರೂ ಅಲ್ಲೇ. ಇವರು ರೊಟ್ಟಿ ಮುರಿಯುವುದಕ್ಕೂ ಯಾರದೋ ಚಕ್ಕಡಿ ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಎದ್ದು ಹೋಗುತ್ತಿದ್ದರು. ಉಳಿದ ರೊಟ್ಟಿಯನ್ನು ಮಗಳು ಕಮಲಾ ಅಪ್ಪನ ತಾಟಿನಿಂದ ತಾನೇ ತಿಂದು ಮುಗಿಸುತ್ತಿದ್ದಳು.

ಆಮೇಲೆ ಸಂಜೆ ಜ್ವರ ಬರತೊಡಗಿತು. ಆಮೇಲೆ ಕೆಮ್ಮು.

"ಮಲೇರಿಯಾ," ಅಂತ ತಾವೇ ಹೇಳಿಕೊಂಡು ತಾವೇ ಕ್ವಿನೈನ್ ನುಂಗಿದರು. ಕೆಮ್ಮಿಗೆ ತಮ್ಮ ದವಾಖಾನೆಯದೇ ಕೆಂಪು ಮಿಕ್ಸ್ಚರ್ ಕುಡಿದರು. ಬೇರೆ ಯಾರಾದರೂ ಇಂಥ ಜ್ವರ, ಇಂಥ ಕೆಮ್ಮು, ಇಂಥ ಸೊರಗು ಹೊತ್ತು ಬಂದಿದ್ದರೆ ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದರು. ತಮ್ಮ ಎದೆಗೆ ಮಾತ್ರ ಕಿವಿಗೊಡಲಿಲ್ಲ.

"ಜತ್ತಕ್ಕ ಹೋಗಿ ದೇಸಾಯಿ ಡಾಕ್ಟರಿಗೆ ತೋರಸ್ರಿ," ಅಂದೆ.

"ಡಾಕ್ಟರ್ ಇನ್ನೊಬ್ಬ ಡಾಕ್ಟರ್ ಕಡಿ ಹೋದ್ರ ಮಂದಿ ಏನಂದಾರು? ಇವನ ಔಷಧ ಇವಗ ಹತ್ತಲಿಲ್ಲ, ನಮಗೇನು ಹತ್ತೀತು ಅಂತಾರ."

ಹಾಗಂತ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವರು ಕಾಲಿನಿಂದ ಮಣ್ಣೆಳೆದು ಏನನ್ನೋ ಮುಚ್ಚಿದರು. ನಾನು ಕೊಡ ಕೆಳಗಿಟ್ಟು ಹತ್ತಿರ ಹೋದೆ. ಮಣ್ಣು ಪೂರ್ತಿ ಮುಚ್ಚಿರಲಿಲ್ಲ.

ರಕ್ತ.

ಡಾಕ್ಟರ ಹೆಂಡತಿಗೆ ಅಷ್ಟು ತಿಳಿಯದೇ? ತಿಳಿಯಿತು.

ಆವತ್ತು ಇವರು ಒಂದು ಉಪಾಯ ಹೂಡಿದರು. ಕಫ ಪರೀಕ್ಷೆ ಆಗಬೇಕಾದರೆ ಮಿರಜದ ದೊಡ್ಡ ದವಾಖಾನೆಗೇ ಕಳಿಸಬೇಕು. ಕಳಿಸಿದರೆ ಹೆಸರು ಹೇಳಬೇಕು. ಡಾಕ್ಟರಿಗೇ ಟಿ.ಬಿ. ಎಂದು ಗೊತ್ತಾದರೆ ಯಾರು ಪಡಸಾಲೆ ಹತ್ತುತ್ತಾರೆ? ಮುಂಬಯಿಯ ಓದಿಗೂ ಎದೆಯ ಪರೀಕ್ಷೆ ಇರುತ್ತದೆ. ಈ ರೋಗದ ಹೆಸರು ಒಮ್ಮೆ ಅಂಟಿದರೆ ಆ ಬಾಗಿಲೂ ಮುಚ್ಚುತ್ತದೆ.

"ನಿನ್ನ ಹೆಸರು ಹೇಳಿ ಕಳಸ್ಲೇನು?" ಅಂದರು. ಕೇಳುವಾಗ ನನ್ನ ಮುಖ ನೋಡಲಿಲ್ಲ. "ಇಂಜೆಕ್ಷನ್ ಬಂದಾವ ಈಗ. ಯಾರಿಗೂ ತಿಳೀದ್ಹಂಗ ಕಮ್ಮಿ ಮಾಡ್ಕೋತೀನಿ."

ಹೂಂ ಅಂದೆ. ಇವರು ಬದುಕಬೇಕಿತ್ತು. ನನ್ನ ಹೆಸರು ಯಾವ ಲೆಕ್ಕ?

ಕಾಂಪೌಂಡರ್ ಮಲ್ಲಪ್ಪ ಬಾಟಲಿ ಒಯ್ದ. ಫಲಿತಾಂಶ ಕೇಳಿಕೊಂಡು ಅವನೇ ತಿರುಗಿ ಬಂದ. ಒಳ್ಳೆಯ ಮನುಷ್ಯ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಚಪ್ಪಲಿ ಬಿಡುವ ಮೊದಲೇ ಪಡಸಾಲೆಯಲ್ಲಿ ನಿಂತು, ಪೇಷಂಟರ ಎದುರು, ನಮ್ಮ ಅತ್ತೆಯವರ ಎದುರು ಅತ್ತುಬಿಟ್ಟ.

"ಬಾಯಾರಿಗೆ ಟಿ.ಬಿ. ಅದ ಅಂದ್ರು ರೀ, ಸಾಹೇಬ್ರ!"

ಹೀಗೆ ನನಗೆ ಟಿ.ಬಿ. ಆಯಿತು.

ಅತ್ತೆಯವರು ಕೆಟ್ಟವರಲ್ಲ. ನನಗೆ ಬೇರೆ ತಾಟು, ಬೇರೆ ತಂಬಿಗೆ ಇಟ್ಟರು. ಹಿತ್ತಲ ಕೋಣೆಯಲ್ಲಿ ಹಾಸಿಗೆ ಹಾಕಿದರು. ಗುಡ್ಡಾಪುರದ ದಾನಮ್ಮದೇವಿಗೆ ಹರಕೆ ಹೊತ್ತರು. ಕ್ಷಯಕ್ಕೆ ಹಾಲು ತುಪ್ಪ ಬೇಕೆಂದು ಯಾರೋ ಹೇಳಿದ್ದಕ್ಕೆ ಮನೆಯ ತುಪ್ಪವನ್ನೆಲ್ಲ ನನ್ನ ಅನ್ನಕ್ಕೇ ಸುರಿದರು, ಎದುರು ಕೂತು ತಿನ್ನಿಸಿದರು. ಇವರ ತಾಟಿಗೆ ಒಂದು ಚಮಚ ದಾಟಿಸಲೂ ಬಿಡಲಿಲ್ಲ. "ಅವಗ್ಯಾಕ? ಅವಗೇನಾಗೇದ?" ಅನ್ನುವರು. ಇವರು ದಿನಕ್ಕೊಂದಿಷ್ಟು ಇಳಿದರು. ನನ್ನ ಗಲ್ಲ ತುಂಬಿಕೊಂಡವು.

ಊರವರು ಅದನ್ನು ಕಂಡು ಏನಂದರು ಗೊತ್ತೇ? ಡಾಕ್ಟರ ಕೈಗುಣ ಅಂದರು. ಟಿ.ಬಿ. ಆದ ಹೆಂಡತಿಯನ್ನು ಹೇಗೆ ದುಂಡಗೆ ಮಾಡಿದ್ದಾರೆ ನೋಡಿರಿ ಅಂದರು. ಕರಜಗಿಯ ಕಡೆಯಿಂದಲೂ ಕೆಮ್ಮಿನವರು ಬರತೊಡಗಿದರು. ಇವರು ಬಾಯಿಗೆ ವಸ್ತ್ರ ಕಟ್ಟಿಕೊಂಡು ಕೂತು ಅವರೆಲ್ಲರನ್ನೂ ನೋಡಿದರು. ಯಾಕೆ ಎಂದು ಕೇಳಿದವರಿಗೆ "ಧೂಳಿ ಆಗಿಬರೂದಿಲ್ಲ" ಅಂದರು. ನನಗೆ ನಗು ಬರುತ್ತಿತ್ತು. ಹಿತ್ತಲ ಕೋಣೆಗೆ ಹೋಗಿ ಅಳುತ್ತಿದ್ದೆ.

ಇಂಜೆಕ್ಷನ್ ಕೊಡುವುದನ್ನು ಇವರೇ ನನಗೆ ಕಲಿಸಿದರು. ಮೊದಲು ಬದನೆಕಾಯಿಗೆ ಚುಚ್ಚಿದೆ. ಆಮೇಲೆ ಇವರಿಗೆ. ಬೆಳಿಗ್ಗೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಸಿರಿಂಜು ಕುದಿಸಿ ಸ್ಟ್ರೆಪ್ಟೊಮೈಸಿನ್ ತುಂಬುತ್ತಿದ್ದೆ. ಇವರು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಹೊರಗಿನಿಂದ ಅತ್ತೆಯವರ ದನಿ.

"ಭಾಳ ನೋಯ್ತೇನ, ಸುಶೀಲಾ?"

"ಇಲ್ಲರೀ, ಅತ್ಯಾರ," ಅಂತ ಸೂಜಿ ಹಿಡಿದವಳೇ ಹೇಳಬೇಕು. ಚುಚ್ಚಿಸಿಕೊಂಡವರು ಬಾಯಿ ಮುಚ್ಚಿಕೊಂಡಿರಬೇಕು. ಒಂದು ದಿನ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಕಾಯಿಲೆಯ ದಿನಗಳಲ್ಲಿ ನಾವು ಕೂಡಿ ನಕ್ಕದ್ದು ಅದೊಂದೇ ಸಲ ಅಂತ ನೆನಪು.

ಎಲ್ಲವನ್ನೂ ತಡೆದುಕೊಂಡೇನು ಅಂದುಕೊಂಡಿದ್ದೆ. ನೆರೆಮನೆಯ ನೀಲವ್ವ ನಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟಳು, ತಡೆದುಕೊಂಡೆ. ಅರಿಷಿಣ ಕುಂಕುಮಕ್ಕೆ ಯಾರೂ ಕರೆಯಲಿಲ್ಲ, ಅದನ್ನೂ ತಡೆದುಕೊಂಡೆ. ಕಮಲಾಳ ವಿಷಯ ಮಾತ್ರ ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ಅತ್ತೆಯವರು ಮೊಮ್ಮಗಳನ್ನು ನನ್ನಿಂದ ದೂರ ಮಾಡಿದರು. ಸರಿಯೇ, ಯಾವ ಅಜ್ಜಿಯಾದರೂ ಮಾಡುವುದೇ. ನನ್ನಿಂದ ಬಿಡಿಸಿ ಎಲ್ಲಿಗೆ ಕಳಿಸಿದರು?

ಅಪ್ಪನ ಹತ್ತಿರ.

"ನಿಮ್ಮಪ್ಪನ ಬಾಜೂ ಕುಂತು ಉಣ್ಣವಾ. ನಿಮ್ಮಪ್ಪನ ಮಗ್ಗಲಾಗ ಮಲಕ್ಕೋ." ಅಜ್ಜಿಯ ಬಾಯಲ್ಲಿ ದಿನವೂ ಇದೇ. ಇವರು ಮಗಳನ್ನು ದೂರ ಇಡಲು ಏನೇನೋ ನೆಪ ಹೇಳಿದರು. ಪೇಷಂಟರನ್ನು ಮುಟ್ಟಿ ಬಂದೀನಿ ಅಂದರು, ಕೆಲಸ ಅದ ಅಂದರು, ಕೊನೆಗೆ ಗದರಿಸಿದರು. ಎಂದೂ ಗದರಿಸದ ಅಪ್ಪ. ಕೂಸು ಹಿತ್ತಲ ಬಾಗಿಲಿಗೆ ಬಂದು ಅಳುತ್ತಿತ್ತು. ನಾನು ಒಳಗಿನಿಂದ ಅಗಳಿ ತೆಗೆಯುವಂತಿರಲಿಲ್ಲ. ನನಗೆ ಯಾವ ರೋಗವೂ ಇರಲಿಲ್ಲ. ಎದೆಗೆ ಅವಚಿಕೊಳ್ಳಬಹುದಾಗಿದ್ದವಳು ಬಾಗಿಲ ಹಿಂದೆ ಕೂತಿದ್ದೆ. ಆಗ ಇವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಒಂದು ಮುಂಜಾನೆ ಪಡಸಾಲೆ ತುಂಬ ಜನ. ಅತ್ತೆಯವರು ಅಳುತ್ತಿದ್ದ ಕಮಲಾಳನ್ನು ಎತ್ತಿಕೊಂಡು ನೇರ ದವಾಖಾನೆಗೆ ಹೋದರು. ನಾನು ನಡುಮನೆಯ ಬಾಗಿಲಿಗೆ ಬಂದು ನಿಂತೆ.

"ಏನೋ ತಮ್ಮಾ, ತಾಯಿ ಹತ್ರ ಬಿಡೂಹಂಗಿಲ್ಲ. ತಂದಿನೂ ದೂಡಿದ್ರ ಕೂಸು ಎಲ್ಲಿ ಹೋಗಬೇಕೋ?"

ಅಷ್ಟಂದು ಇವರ ತೊಡೆಯ ಮೇಲೆ ಕೂಡಿಸಿಯೇಬಿಟ್ಟರು. ಕಮಲಾ ಎರಡೂ ಕೈಯಿಂದ ಅಪ್ಪನ ಕುತ್ತಿಗೆ ತಬ್ಬಿ ಬಾಯಿಗೆ ಕಟ್ಟಿದ ವಸ್ತ್ರ ಜಗ್ಗಿದಳು. ಇವರಿಗೆ ಕೆಮ್ಮು ಒತ್ತಿ ಬಂತು. ಮುಖ ಆಚೆ ತಿರುಗಿಸಿ, ಅವಳನ್ನು ಕೆಳಗಿಳಿಸಿ, ಗೋಡೆಯವರೆಗೆ ಹಿಂದೆ ಸರಿದರು. ಕೆಮ್ಮಿ ಮುಗಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಅವ್ವಾ, ಕೂಸಿನ್ನ ಅಕಿ ಕೈಯಾಗ ಕೊಡು. ಟಿ.ಬಿ. ಅಕಿಗಿಲ್ಲ. ನನಗದ."

ಮಲ್ಲಪ್ಪನ ಕೈಯಲ್ಲಿ ಔಷಧದ ಬಾಟಲಿ ಹಾಗೇ ನಿಂತಿತು. ನಾನು ಹೋಗಿ ಮಗಳನ್ನು ಎತ್ತಿಕೊಂಡೆ. ಎದ್ದು ಹೋಗುವ ಜನರಿಗೆ ದಾರಿ ಬಿಡುವಂತೆ ಇವರು ಗೋಡೆಗೆ ಆತು ನಿಂತಿದ್ದರು.

ನೀಲವ್ವ ಮೊಮ್ಮಗನಿಗೆ ಔಷಧ ಕೇಳಲು ಬಂದಿದ್ದಳು. ಎದ್ದಳು. ಹೋಗುತ್ತಾಳೆ ಅಂದುಕೊಂಡೆ.

"ಹಂಗಾದ್ರ ನಿಮ್ಮನ್ನ ಯಾರ್ ನೋಡ್ತಾರ್ರೀ, ಸಾಹೇಬ್ರ?"

ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇವರ ಕಣ್ಣಲ್ಲಿ ನೀರು ಬಂತು.

ಮುಂದಿನ ಬಸ್ಸಿಗೇ ಜತ್ತಕ್ಕೆ, ಅಲ್ಲಿಂದ ಮಿರಜಕ್ಕೆ ಹೋದೆವು. ಅಲ್ಲಿನ ದೊಡ್ಡ ಡಾಕ್ಟರು ಎಕ್ಸ್-ರೇ ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನದೂ ಕಮಲಾಳದೂ ಫೋಟೊ ತೆಗೆಸಿದರು. ನಮ್ಮಿಬ್ಬರ ಎದೆಯೂ ಸ್ವಚ್ಛ ಇತ್ತು. ಆ ಮಾತು ಕೇಳಿದಾಗ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ನಿಮ್ಮ ಡಾಕ್ಟರು ಯಾರು?" ಎಂದು ಅವರು ಇವರನ್ನು ಮರಾಠಿಯಲ್ಲಿ ಕೇಳಿದರು.

ಇವರು ನನ್ನ ಕಡೆ ನೋಡಿದರು.

ಮಿರಜದಲ್ಲಿ ಇವರನ್ನು ಪೇಷಂಟ್ ಮಾಡುವುದೇ ದೊಡ್ಡ ಕೆಲಸವಾಯಿತು. ಮಲಗಿರಿ ಅಂದರೆ ಮಗ್ಗುಲ ಹಾಸಿಗೆಯವನ ನಾಡಿ ಹಿಡಿಯುವರು. ನರ್ಸ್ ಬೈದಳು. ನಾನೂ ಬೈದೆ. ದಿನಗಳೆದಂತೆ ಜ್ವರ ಇಳಿಯಿತು, ತೂಕ ಏರತೊಡಗಿತು, ಆದರೆ ಮನಸ್ಸು ಏಳಲಿಲ್ಲ. "ಮುಗೀತು, ಸುಶೀಲಾ. ಮುಂಬಯಿನೂ ಇಲ್ಲ, ಉಟಗಿನೂ ಇಲ್ಲ," ಅಂತ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಎದೆಯ ಗಾಯಕ್ಕೆ ಸೂಜಿ ಇತ್ತು. ಇದಕ್ಕೇನು ಕೊಡಬೇಕೋ ನನಗೆ ತಿಳಿಯಲಿಲ್ಲ. ಸುಮ್ಮನೆ ಪಾದ ಒತ್ತುತ್ತ ಕೂಡುತ್ತಿದ್ದೆ.

ದೊಡ್ಡ ಡಾಕ್ಟರು ಅದನ್ನೂ ಕಂಡರು. ಒಂದು ದಿನ ಇವರ ಎಕ್ಸ್-ರೇಯನ್ನೇ ತಂದು ಇವರ ಕೈಗೆ ಕೊಟ್ಟು, "ಓದಿ," ಅಂದರು. ಇವರಿಗೆ ಓದಲು ಬರಲಿಲ್ಲ. ಹಳ್ಳಿಯ ಡಾಕ್ಟರಿಗೆ ಎಕ್ಸ್-ರೇ ಎಲ್ಲಿ ನೋಡಲು ಸಿಗುತ್ತದೆ? ಮರುದಿನದಿಂದ ಮಧ್ಯಾಹ್ನದ ವಿಶ್ರಾಂತಿ ಮುಗಿದ ಮೇಲೆ ಒಂದಿಷ್ಟು ಹೊತ್ತು ಪಾಠ. ವಿಶ್ರಾಂತಿ ತಪ್ಪಿಸಿದರೆ ಪಾಠ ಇಲ್ಲ. ಇವರು ಚಿಕ್ಕ ಹುಡುಗನ ಹಾಗೆ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದರು! ಕಫ ಸ್ವಚ್ಛವಾದ ಮೇಲೂ ಅವರು ಇವರನ್ನು ಊರಿಗೆ ಕಳಿಸಲಿಲ್ಲ. ಎದೆರೋಗದ ವಾರ್ಡಿನಲ್ಲಿ ತಮ್ಮ ಜೊತೆ ಇಟ್ಟುಕೊಂಡು ಕೆಲಸ ಕಲಿಸಿದರು. ಇವರು ಎಂ.ಬಿ.ಬಿ.ಎಸ್. ಆಗಲಿಲ್ಲ. ಇನ್ನು ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಆದರೆ ನಾವು ಊರಿಗೆ ತಿರುಗಿ ಬಂದ ಮೇಲೆ ಈಗ ಜತ್ತದ ಕಡೆಯಿಂದ ಎಕ್ಸ್-ರೇ ತೆಗೆಸಿಕೊಂಡವರು ಅದನ್ನು ಓದಿಸಲು ಉಟಗಿಗೆ ಬರುತ್ತಾರೆ.

ನಾವಿಲ್ಲದಾಗ ನಮ್ಮ ದವಾಖಾನೆಯನ್ನು ಮುಚ್ಚಗೊಡದವರು ಜತ್ತದ ದೇಸಾಯಿ ಡಾಕ್ಟರು. ಸಂತೆಯ ದಿನ ಬಂದು ಇವರ ಕುರ್ಚಿಯಲ್ಲಿ ಕೂತು ಪೇಷಂಟರನ್ನು ನೋಡಿ ಹೋಗುತ್ತಿದ್ದರು. ಒಮ್ಮೆ ಮಿರಜಕ್ಕೂ ಬಂದರು. ಹಾಸಿಗೆಯ ಮಗ್ಗುಲು ಕೂತು, "ಮೊದಲ ನನಗ ಹೇಳಬಾರದೇನ್ರಿ?" ಅಂತ ಇವರನ್ನು ಬೈದರು. ಆಮೇಲೆ ಮೆಲ್ಲಗೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ವರ್ಷದಿಂದ ಉರಿಯುತ್ತಿದೆಯಂತೆ. ಸೋಡಾ ಪುಡಿ ತಿಂದುಕೊಂಡು ಇದ್ದಾರಂತೆ. ಯಾರಿಗೂ ಹೇಳಿಲ್ಲವಂತೆ. ಇವರು ಹಾಸಿಗೆಯಲ್ಲಿ ಎದ್ದು ಕೂತರು. "ಅಂಗಿ ಮ್ಯಾಲ ಮಾಡ್ರಿ," ಅಂದು ಅಲ್ಲೇ ಅವರ ಹೊಟ್ಟೆ ಒತ್ತಿ ನೋಡಿದರು.

ಆವತ್ತು ಇಬ್ಬರೂ ಸೇರಿ ಗೊತ್ತು ಮಾಡಿದ್ದು ಈಗಲೂ ನಡೆದಿದೆ. ಅಮವಾಸ್ಯೆಗೆ ನಮ್ಮ ಸೀಮೆಯ ಜನವೆಲ್ಲ ಗುಡ್ಡಾಪುರಕ್ಕೆ ಹೋಗುತ್ತದೆ. ದವಾಖಾನೆಗಳು ಖಾಲಿ ಹೊಡೆಯುತ್ತವೆ. ಅದೇ ದಿನ ಈ ಭಾಗದ ನಾಲ್ಕಾರು ಡಾಕ್ಟರರೂ ಗುಡ್ಡಾಪುರದ ಧರ್ಮಶಾಲೆಯಲ್ಲಿ ಸೇರುತ್ತಾರೆ. ಮೊದಲು ಒಬ್ಬರ ಎದೆ, ನಾಡಿ, ನಾಲಗೆ ಇನ್ನೊಬ್ಬರು ನೋಡಬೇಕು. ತಮ್ಮನ್ನು ತಾವು ನೋಡಿಕೊಳ್ಳುವ ಹಾಗಿಲ್ಲ. ಆಮೇಲೆ ಕಷ್ಟದ ಪೇಷಂಟರ ಮಾತು, ಹೊಸ ಔಷಧದ ಮಾತು. ಯಾರಿಗಾದರೂ ಹೊರಗೆ ಹೋಗಿ ಏನಾದರೂ ಕಲಿಯುವ ಅವಕಾಶ ಬಂದರೆ ಉಳಿದವರು ಅವರ ಊರನ್ನು ನೋಡಿಕೊಳ್ಳಬೇಕು. ಹೆಂಡತಿಯರೂ ಮಕ್ಕಳೂ ದೇವಿಯ ದರ್ಶನ ಮಾಡಿಕೊಂಡು ಅಲ್ಲೇ ಬುತ್ತಿ ಬಿಚ್ಚುತ್ತೇವೆ. ಹೊಸಬರು ಮೊದಲು ನಾಚುತ್ತಾರೆ. ಊರಿನ ಎದೆಯನ್ನೆಲ್ಲ ನೋಡಿದವರಿಗೆ ತಮ್ಮ ಅಂಗಿಯ ಗುಂಡಿ ಬಿಚ್ಚುವಾಗ ಎಷ್ಟು ನಾಚಿಕೆ!

ಇವರು ಪೂರ್ತಿ ಗುಣವಾದರು ಅಂತ ನಾನು ಗಟ್ಟಿಯಾಗಿ ಹೇಳುವುದಿಲ್ಲ. ಚಳಿಗಾಲದಲ್ಲಿ ಇವರು ಒಮ್ಮೆ ಕೆಮ್ಮಿದರೂ ನನ್ನ ಕೈಯ ಕೆಲಸ ನಿಲ್ಲುತ್ತದೆ. ದಾನಮ್ಮನಿಗೂ ಮಿರಜದ ಡಾಕ್ಟರಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಸಾಕು ಅನ್ನುವಷ್ಟು ಸಿಕ್ಕಿದೆ.

ಹೋದ ಅಮವಾಸ್ಯೆಯದು ಒಂದು ಹೇಳಬೇಕು. ಕಮಲಾಳಿಗೆ ಅಪ್ಪನಿಂದ ದೂರ ನಿಲ್ಲುವುದು ರೂಢಿಯಾಗಿಬಿಟ್ಟಿತ್ತು. ಮಗಳನ್ನು ಎತ್ತಿಕೊಳ್ಳಬಹುದು ಎಂದು ಮಿರಜದವರು ಹೇಳಿ ತಿಂಗಳುಗಳಾಗಿದ್ದವು. ಆದರೂ ಇವರು ಕರೆಯುತ್ತಿರಲಿಲ್ಲ, ಅವಳು ಹೋಗುತ್ತಿರಲಿಲ್ಲ. ಇಬ್ಬರಿಗೂ ಹೆದರಿಕೆ. ಆವತ್ತು ಧರ್ಮಶಾಲೆಯಲ್ಲಿ ಇವರು ಅಂಗಿ ಬಿಚ್ಚಿ ಕೂತಿದ್ದರು. ದೇಸಾಯಿ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, "ಉಸರು ತಗೋರಿ. ಬಿಡ್ರಿ. ಇನ್ನೊಮ್ಮಿ," ಅನ್ನುತ್ತಿದ್ದರು. ಕಮಲಾ ನನ್ನ ಸೆರಗು ಹಿಡಿದು ನೋಡುತ್ತಿದ್ದಳು. ಅವರು ಸ್ಟೆತಾಸ್ಕೋಪ್ ತೆಗೆದ ಮೇಲೆ ಸೆರಗು ಬಿಟ್ಟು ಮುಂದೆ ಹೋದಳು.

"ಕಾಕಾ, ನಾ ನಮ್ಮಪ್ಪನ ತೊಡಿ ಮ್ಯಾಲ ಕುಂದರಬಹುದೇನ್ರಿ?"

ನಮ್ಮ ಪಡಸಾಲೆಯಲ್ಲಿ ಪೇಷಂಟರು ಇವರ ಮುಖ ನೋಡುತ್ತಾರಲ್ಲ, ಹಾಗೆ ಇವರು ದೇಸಾಯಿ ಡಾಕ್ಟರ ಮುಖ ನೋಡಿದರು.

"ಕುಂದರವಾ," ಅಂದರು ಅವರು. "ಬೇಕಾದಷ್ಟು ಹೊತ್ತು ಕುಂದರು."

ಕಮಲಾ ಕೂತಳು. ಇವರು ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಎರಡೂ ಕೈಯಿಂದ ಅವಳನ್ನು ಸುತ್ತಿ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ಎಷ್ಟ್ ಭಾರ ಆಗ್ಯಾಳ ನೋಡು ಇಕಿ," ಅಂದರು. ಮಗಳು ಎಷ್ಟು ಬೆಳೆದಿದ್ದಾಳೆಂಬುದು ಇವರಿಗೆ ತಿಳಿದದ್ದು ಆವತ್ತೇ.