ಮೀಸೆಯಿಲ್ಲದ ಭತ್ತ

ನನ್ನ ಮೈದುನನ ಹೆಂಡತಿ ಕುಮಟಾ ಕಡೆಯವಳು. ಹೊಳೆ ಸಮುದ್ರ ಸೇರುವಲ್ಲಿ, ಉಬ್ಬರ ಬಂದಾಗ ಉಪ್ಪುನೀರು ನುಗ್ಗುವ ಗಜನಿ ಗದ್ದೆ ಅವಳ ತವರಿನದು. ಅಲ್ಲಿ ಬದುಕುವುದು ಕಗ್ಗ ಎಂಬ ಭತ್ತ ಒಂದೇ. ಬೇರೆ ಯಾವುದನ್ನು ಬಿತ್ತಿದರೂ ಸುಟ್ಟುಹೋಗುತ್ತದೆ. ಆಳೆತ್ತರದ ಪೈರು, ಕಾಳಿನ ತುದಿಗೆ ಉದ್ದನೆಯ ಮೀಸೆ, ಒಳಗೆ ಕೆಂಪಕ್ಕಿ. ಮದುವೆಯ ಮರುವರ್ಷ ಅವಳ ಅಪ್ಪ ಅದರ ಬೀಜ ತಂದು ಕೈಗಿಟ್ಟು, "ಅಲ್ಲಿ ಬೀಜ ಹೋದ್ರೆ ಇಲ್ಲಾದ್ರೂ ಇರ್ಲಿ ಮಗಾ" ಎಂದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಆ ಮಾತು ನನಗೆ ಅರ್ಥವಾಗಿರಲಿಲ್ಲ ಎಂದು ಈಗ ಹೇಳಲಾರೆ.

ತಾಳಗುಪ್ಪದ ಹತ್ತಿರ ನಮ್ಮ ಗದ್ದೆ. ಅದರ ಕೆಳಮೂಲೆಯಲ್ಲಿ ಅವಳು ವರ್ಷವೂ ಕಗ್ಗ ಬೆಳೆದು ಬೀಜ ಹೊಸದು ಮಾಡಿಕೊಳ್ಳುತ್ತಿದ್ದಳು. ಹಳೆಯ ಬೀಜ ಮೊಳೆಯುವುದಿಲ್ಲವಲ್ಲ. ನಾನು ಮೊದಲು ಉದ್ದು ಹಾಕುತ್ತಿದ್ದ ಮೂಲೆ ಅದು. ಕೊಡಲಾರೆ ಎನ್ನಲಿಲ್ಲ, ಮನಸ್ಸಿನಿಂದ ಕೊಡಲೂ ಇಲ್ಲ. ಇಳುವರಿ ಅಷ್ಟಕ್ಕಷ್ಟೆ. ಗಾಳಿ ಬಂದರೆ ಪೈರು ಮಲಗುತ್ತಿತ್ತು, ಬಡಿಯುವಾಗ ಮೀಸೆಯೆಲ್ಲ ಮೈಗೆ ಚುಚ್ಚುತ್ತಿತ್ತು.

"ನಮ್ಮ ಸಪ್ಪೆ ನೀರು ಕುಡ್ದು ಅದ್ಕೆ ಉಪ್ಪು ಮರ್ತೇ ಹೋಗಿರ್ತದೆ ಮಾರಾಯ್ತಿ. ವಾರಕ್ಕೊಂದ್ಸಲ ಉಪ್ಪಿನಕಾಯಿ ನೆಕ್ಸು" ಎಂದು ಮೈದುನ ಛೇಡಿಸುತ್ತಿದ್ದ.

ಅವಳು ವಾದಿಸಲಿಲ್ಲ. ಒಡೆದ ಎರಡು ಬಕೆಟ್‌ಗಳಿಗೆ ಮಣ್ಣು ತುಂಬಿ, ಒಂದರಲ್ಲಿ ಕಗ್ಗ, ಇನ್ನೊಂದರಲ್ಲಿ ನಮ್ಮ ಊರಿನ ಕೆಂಪು ಭತ್ತ ಬಿತ್ತಿದಳು. ಸಸಿ ಗೇಣುದ್ದ ಆದ ಮೇಲೆ ಎರಡಕ್ಕೂ ಕಲ್ಲುಪ್ಪು ಕದಡಿದ ನೀರು ಹಾಕತೊಡಗಿದಳು. ನಮ್ಮದು ತುದಿಯಿಂದ ಹಳದಿಯಾಗಿ, ಆಮೇಲೆ ಬಿಳಿಚಿ, ಕೊನೆಗೆ ಬುಡಸಮೇತ ಒರಗಿತು. ಕಗ್ಗದ ಎಲೆತುದಿ ಕಂದಿತು, ಗಿಡ ನಿಂತಿತು. "ನೋಡಿ ಅಕ್ಕಾ, ಮರೆಯೂದಿಲ್ಲ ಅದು" ಎಂದು ನನ್ನನ್ನೇ ಕರೆದು ತೋರಿಸಿದಳು. ಬಗ್ಗಿ ನೋಡಿದೆ. ನೋಡಿದ್ದೇನೆ ಎಂಬುದನ್ನು ಇಲ್ಲಿ ಬರೆದಿಡಬೇಕು.

ತೀರ್ಥಹಳ್ಳಿಗೆ ಕೊಟ್ಟ ನನ್ನ ಮಗಳು ಬಾಣಂತನಕ್ಕೆ ಬಂದದ್ದು ಎರಡು ವರ್ಷದ ಹಿಂದೆ, ಬೇಸಿಗೆಯ ಮೊದಲಿಗೆ. ಹೆರಿಗೆ ಸುಸೂತ್ರವಾಯಿತು. ಆದರೆ ಎದ್ದು ನಿಂತರೆ ತಲೆ ಸುತ್ತು, ಮುಖದಲ್ಲಿ ರಕ್ತವೇ ಇಲ್ಲ. ಆಸ್ಪತ್ರೆಯವರು ಮಾತ್ರೆ ಬರೆದುಕೊಟ್ಟಿದ್ದರು. ಅಷ್ಟಕ್ಕೆ ನನಗೆ ಸಮಾಧಾನವಾಗಲಿಲ್ಲ. ಬಸ್ಸು ಹತ್ತಿ ನಿಟ್ಟೂರಿನ ಕಡೆ ನಾಟಿ ಔಷಧಿ ಕೊಡುವ ಅಜ್ಜಿಯ ಹತ್ತಿರ ಹೋದೆ. ಅವರು ಒಂದಿಷ್ಟು ಬೇರು, ತೊಗಟೆ ಕಟ್ಟಿಕೊಟ್ಟು, "ಕೆಂಪಕ್ಕಿ ಗಂಜಿ ಕೊಡು. ಯಾವ್ದಾದ್ರೂ ಆಗ್ತದೆ. ಸಿಕ್ಕಿದ್ರೆ ಕಗ್ಗ, ಉಪ್ಪು ತಡ್ಕಂಡ ಭತ್ತ ಮೈಗೆ ಗಟ್ಟಿ" ಎಂದರು.

ಮನೆಗೆ ಬಂದು ನಾನು ಹೇಳಿದ್ದು ಹೀಗೆ: "ಕಗ್ಗದ ಗಂಜಿನೇ ಆಗ್ಬೇಕಂತೆ."

ಯಾವುದಾದರೂ ಆಗುತ್ತದೆ ಎಂಬುದನ್ನು ಬಿಟ್ಟೆ, ಸಿಕ್ಕಿದರೆ ಎಂಬುದನ್ನೂ ಬಿಟ್ಟೆ. ಮರೆತು ಬಿಟ್ಟದ್ದಲ್ಲ. ನನ್ನ ಮೂಲೆಯಲ್ಲಿ ಬೆಳೆದದ್ದು ನನ್ನ ಮಗಳಿಗಾದರೂ ಆಗಲಿ ಎಂದಿತ್ತು ಮನಸ್ಸಿನಲ್ಲಿ.

ಮೈದುನನ ಹೆಂಡತಿ ಅಟ್ಟದಿಂದ ಕಗ್ಗದ ಚೀಲ ಇಳಿಸಿದಳು. ಇದ್ದದ್ದು ನಾಲ್ಕು ಕೊಳಗ. ಎರಡನ್ನು ತಾನೇ ಅಳೆದು ಕೊಟ್ಟಳು. "ಅರ್ಧ ಬಾಣಂತಿಗೆ. ಅರ್ಧ ಬೀಜಕ್ಕಿರ್ಲಿ ಅಕ್ಕಾ, ಅಪ್ಪಂದು" ಎಂದಳು. ಅಪ್ಪ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು.

ಮಿಲ್ಲಿಗೆ ಒಯ್ದೆ. ಮಿಲ್ಲಿನವನು ಚೀಲ ಎತ್ತಿ ನೋಡಿ ನಕ್ಕ. "ಇದೆಂತ ಅಕ್ಕಾ, ಗುಬ್ಬಚ್ಚಿ ಊಟನಾ? ಇಷ್ಟಕ್ಕೆ ಮೆಷಿನ್ ಹಾಕಿದ್ರೆ ಅರ್ಧ ಅದ್ರೊಳಗೇ ಉಳೀತದೆ. ಇನ್ನಷ್ಟು ತಗಂಬನ್ನಿ."

ಮನೆಗೆ ಬಂದೆ. ಅವಳಿರಲಿಲ್ಲ. ನನ್ನ ಮೊಮ್ಮಗುವಿಗೆ ಚುಚ್ಚುಮದ್ದು ಹಾಕಿಸಲು, ನನ್ನ ಮಗಳ ಜೊತೆ ಸಾಗರಕ್ಕೆ ಹೋಗಿದ್ದಳು. ನಮ್ಮದೇ ಭತ್ತ ಸೇರಿಸಬಹುದಿತ್ತು. ಬೆರಕೆಯಾದರೆ ಔಷಧಿಯಾಗಲಿಕ್ಕಿಲ್ಲ ಅಂದುಕೊಂಡೆ. ಅಟ್ಟ ಹತ್ತಿ ಉಳಿದ ಎರಡು ಕೊಳಗವನ್ನೂ ಸುರಿದುಕೊಂಡು ಹೋದೆ. ಅಕ್ಕಿ ತಂದ ಮೇಲೆ ಆ ಖಾಲಿ ಚೀಲಕ್ಕೆ ನಮ್ಮ ಕೆಂಪು ಭತ್ತ ಎರಡು ಕೊಳಗ ಅಳೆದು ಹಾಕಿ, ಮೇಲೆ ಒಂದು ಬೊಗಸೆ ಹೆಚ್ಚೇ ಹಾಕಿದೆ. ಭತ್ತಕ್ಕೆ ಭತ್ತ ಕೊಟ್ಟಾಯಿತು, ಯಾರದ್ದೂ ಇಟ್ಟುಕೊಳ್ಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಚೀಲದ ಬಾಯನ್ನು ಎರಡು ಸುತ್ತು ಬಿಗಿದು ಕಟ್ಟಿದೆ. ಮೀಸೆಯಿಲ್ಲದ ಕಾಳು ಕಣ್ಣಿಗೆ ಬೀಳಬಾರದು ಎಂಬ ಎಚ್ಚರ ಇಲ್ಲದಿದ್ದರೆ ಎರಡು ಸುತ್ತು ಯಾಕೆ ಬೇಕಿತ್ತು?

ಮಗಳು ಗಂಜಿ ಕುಡಿದಳು, ಮಾತ್ರೆಯನ್ನೂ ನುಂಗಿದಳು. ಮೂರು ತಿಂಗಳಲ್ಲಿ ಚೇತರಿಸಿಕೊಂಡು ಗಂಡನ ಮನೆಗೆ ಹೋದಳು. ಯಾವುದರಿಂದ ಗುಣವಾಯಿತು ಎಂದು ನಾನು ಯಾರನ್ನೂ ಕೇಳಿಲ್ಲ.

ಮಳೆ ಹಿಡಿಯುವ ಹೊತ್ತಿಗೆ, ಘಟ್ಟ ಹತ್ತಿ ಬರುವ ಬಸ್ಸಿನಲ್ಲಿ ಮೈದುನನ ಹೆಂಡತಿಯ ಅಣ್ಣ ಬಂದ. ಕೈಯಲ್ಲಿ ಮಡಚಿದ ಖಾಲಿ ಚೀಲ. ಕಟ್ಟೆ ಒಡೆದು ಬೆಳೆ ಕೊಚ್ಚಿಹೋಗಿತ್ತಂತೆ, ಬೀಜಕ್ಕೂ ಉಳಿದಿಲ್ಲವಂತೆ. ಸುತ್ತಿನವರೆಲ್ಲ ಗದ್ದೆಯನ್ನು ಸಿಗಡಿ ಸಾಕುವವರಿಗೆ ಬಿಟ್ಟಾಗಿದೆ. "ಈ ಸಲ ಬಿತ್ತದಿದ್ರೆ ನಮ್ದೂ ಕೆರೆ ಆಗ್ತದೆ ತಂಗಿ. ಅಪ್ಪ ಕೊಟ್ಟದ್ದು ಇದ್ಯಲ್ಲ, ಅದ್ಕೇ ಬಂದೆ" ಎಂದ.

ಅವಳು ಚೀಲ ಇಳಿಸಿ ತಂದಳು. ಗಂಟು ಬಿಚ್ಚಲು ತಡವಾಯಿತು. ಅಣ್ಣ ಕೈ ಹಾಕಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದ. "ಮೀಸೆ ಎಲ್ಲಿ?"

ಅವಳು ಕಾಳು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ಒಲೆಯ ಹತ್ತಿರ ಲೋಟ ಹಿಡಿದು ನಿಂತಿದ್ದೆ. ಚಹಾ ಬಗ್ಗಿಸುತ್ತಲೇ ಇದ್ದೆ, ತುಂಬಿ ಹೊರಗೆ ಹರಿಯಿತು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು.

"ನಾನೇ ಬೆಳೆಯೂದು ಬಿಟ್ಟೆ ಅಣ್ಣಾ" ಎಂದಳು ಅವಳು. "ಇಲ್ಲಿ ಅದು ಬರೂದಿಲ್ಲ."

"ಬರೂದಿಲ್ಲ ಅಂದ್ರೆ? ಒಂದು ಫೋನ್ ಮಾಡೂಕೆ ಬಾಯಿ ಇರ್ಲಿಲ್ಲ ನಿಂಗೆ? ಅಪ್ಪ ಹೋದದ್ದೇ ಬಿಟ್ಯಾ?"

ಅವನು ಹಿಡಿಯಲ್ಲಿದ್ದ ಕಾಳನ್ನು ಚೆಲ್ಲಲಿಲ್ಲ. ಒಂದೂ ಕೆಳಗೆ ಬೀಳದಂತೆ ಚೀಲಕ್ಕೆ ಹಾಕಿದ. ಚಹಾ ಮುಟ್ಟದೆ ಹೊರಟುಹೋದ. ಆಮೇಲೆ ಅವನು ನಮ್ಮ ಮನೆಗೆ ಬಂದಿಲ್ಲ. ಗದ್ದೆ ಸಿಗಡಿ ಕೆರೆಯಾಗಿದೆ.

ಅವಳು ನನ್ನನ್ನು ಏನೂ ಕೇಳಲಿಲ್ಲ. ಆ ವರ್ಷ ಕೆಳಮೂಲೆಯಲ್ಲಿ ನಮ್ಮ ಭತ್ತವನ್ನೇ ನಾಟಿ ಮಾಡಿದಳು. "ಬೇಕಾದ್ರೆ ನೀವು ಉದ್ದು ಹಾಕಿ ಅಕ್ಕಾ" ಎಂದಳು ಕೊಯ್ಲಾದ ಮೇಲೆ. ನಾನು ಹಾಕಲಿಲ್ಲ.

ಕಳೆದ ತಿಂಗಳು ಮಗಳ ಫೋನು ಬಂತು. ಅವಳ ನಾದಿನಿ ಬಸುರಿಯಂತೆ. "ಅಮ್ಮಾ, ನಂಗೆ ಕೊಟ್ಟಿದ್ಯಲ್ಲ ಆ ಕೆಂಪಕ್ಕಿ, ಇದ್ರೆ ಬೇಕಂತೆ ಇವ್ರಿಗೆ. ಅದ್ರಿಂದ್ಲೇ ನಾ ಎದ್ದು ಕೂತಿದ್ದು ಅಂತ ಎಲ್ಲಾರ ಹತ್ರ ಹೇಳ್ತಾರೆ ನಮ್ಮತ್ತೆ." ಸ್ಪೀಕರ್ ಹಾಕಿದ್ದೆ. ಮೈದುನನ ಹೆಂಡತಿ ಪಕ್ಕದಲ್ಲಿ ಕೂತು ಬಸಳೆ ಸೋಸುತ್ತಿದ್ದಳು. ನಾನು ಅವಳ ಕಡೆ ನೋಡಿದೆ.

ಅವಳು ತಲೆ ಎತ್ತಲಿಲ್ಲ. ದಂಟು ಮುರಿಯುತ್ತಲೇ ಹೇಳಿದಳು: "ಇಲ್ಲ ಅನ್ನಿ ಅಕ್ಕಾ. ಇಲ್ಲಿ ಅದು ಬರೂದಿಲ್ಲ ಅನ್ನಿ."

ಹಾಗೆಯೇ ಹೇಳಿದೆ.